ಕಡಲಾಚೆ ಹೋದ ಉಡಿಯಕ್ಕಿ

ಗೌರವ್ವನನ್ನು ಮೊದಲ ಸಲ ಕಂಡಾಗ ಆಕೆ ಸೊಂಟದ ತನಕ ನೆಲದೊಳಗಿದ್ದಳು. ಇಳಕಲ್ಲಿನ ಉರಿಬಿಸಿಲಿನಿಂದ ನೇರ ಪಡಸಾಲೆಗೆ ಕಾಲಿಟ್ಟಿದ್ದೆ, ಕಣ್ಣು ಇನ್ನೂ ಕತ್ತಲಿಗೆ ಹೊಂದಿಕೊಂಡಿರಲಿಲ್ಲ. ನಟ್ಟನಡುವೆ ಅರ್ಧ ಹೆಂಗಸು ಕಾಣಿಸಿತು. ತಲೆಯಿದೆ, ಸೆರಗಿದೆ, ಕೈ ಆಡುತ್ತಿವೆ, ಕಾಲೇ ಇಲ್ಲ! "ಅಯ್ಯಯ್ಯೋ" ಎಂದು ಕೂಗಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಅರ್ಧ ಹೆಂಗಸು ನಕ್ಕುಬಿಟ್ಟಳು.

"ಬರ್ರಿ ಬರ್ರಿ, ಹೆದರಬ್ಯಾಡ್ರಿ. ಕಾಲು ಕೆಳಗ ಅದಾವ."

ಅದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯುವ ಮಗ್ಗ. ತುಳಿಯುವ ಹಲಗೆಗಳು ಗುಂಡಿಯೊಳಗೆ, ಹಾಸಿದ ನೂಲು ನೆಲದ ಮಟ್ಟಕ್ಕೆ. ಗುಂಡಿಯ ತಂಪಿಗೆ ಎಳೆ ಬೇಗ ಹರಿಯುವುದಿಲ್ಲವಂತೆ. ನಮ್ಮ ಗಂಗೊಳ್ಳಿಯಲ್ಲಿ ಎರಡು ಮೊಳ ಅಗೆದರೆ ನೀರು ಮೇಲೆ ಬರುತ್ತದೆ. ಮನೆಯೊಳಗೇ ಗುಂಡಿ ತೋಡಿ, ಅದರಲ್ಲಿ ಕೂತು ಸಂಸಾರ ನಡೆಸುವವರು ಇದ್ದಾರೆಂದು ಅಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಾನು ಕಡಲ ಮಗಳು. ಮಂಗಳೂರಿನ ಬಂದರಿನ ಬಳಿ ಒಂದು ಕಚೇರಿಯಲ್ಲಿ ಆರು ವರ್ಷ ಹಡಗಿಗೆ ಹೋಗುವ ಸರಕಿನ ಕಾಗದಪತ್ರ ಬರೆದವಳು. ಎಲ್ಲವನ್ನೂ ಬರೆದಿದ್ದೇನೆ, ಒಂದನ್ನೂ ಬಿಚ್ಚಿ ನೋಡಿಲ್ಲ. ಮದುವೆ ಮುರಿದ ಮೇಲೆ ಆ ಊರಿನ ಬೀದಿಗಳೇ ಬೇಡವೆನಿಸಿದವು. ಆಗ ನೇಕಾರರಿಗೆ ಹೊರದೇಶದಲ್ಲಿ ಗಿರಾಕಿ ಹುಡುಕಿಕೊಡುವ ಒಂದು ಸಣ್ಣ ಸಂಸ್ಥೆಯವರಿಗೆ ರಫ್ತಿನ ಕಾಗದ ಬಲ್ಲವರು ಬೇಕಾಗಿದ್ದರು. ಊರು ಇಳಕಲ್ಲು ಎಂದರು. ಸಮುದ್ರದಿಂದ ಎಷ್ಟು ದೂರ ಎಂದು ಕೇಳಿದೆ, ಬಹಳ ದೂರ ಎಂದರು. ಹಾಗಾದರೆ ಬರುತ್ತೇನೆ ಎಂದೆ. ಅಂಥ ಸಿಟ್ಟು ನನಗೆ.

ಬಂದ ಮೊದಲ ವಾರ ಸಿಟ್ಟೆಲ್ಲ ಅಳುವಾಯಿತು, ಸುಳ್ಳೇಕೆ ಹೇಳಲಿ. ನಮ್ಮಲ್ಲಿ ಜೂನ್ ಬಂತೆಂದರೆ ಬಟ್ಟೆ ಒಣಗಿಸಲು ಪರದಾಟ. ಇಲ್ಲಿ ಹಿಂಡಿ ಹಾಕಿದ ಚೂಡಿದಾರ ಎರಡನೆಯದನ್ನು ಹಿಂಡುವಷ್ಟರಲ್ಲಿ ಗರಿಗರಿ. ನಮ್ಮಲ್ಲಿ ಕಲ್ಲೆಂದರೆ ಕೆಂಪು ಮುರಕಲ್ಲು, ಉಗುರು ಗೀರಿದರೆ ಪುಡಿ ಬರುವಂಥದ್ದು. ಇಲ್ಲಿ ಹಿತ್ತಿಲ ಗೋಡೆಗೂ ಗ್ರಾನೈಟಿನ ಚೂರು. ಒಂದು ದಿನ ಹುನಗುಂದದ ರಸ್ತೆಯಲ್ಲಿ ಮಂಚದಷ್ಟು ದೊಡ್ಡ ಕೆಂಪು ದಿಮ್ಮಿಗಳನ್ನು ಹೊತ್ತ ಲಾರಿಗಳು ಸಾಲಾಗಿ ಹೋದವು. ದಿಮ್ಮಿಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಆ ನಂಬರಿನ ಮಾದರಿ ನೋಡಿದ್ದೇ ಗುರುತು ಹತ್ತಿತು. ಅಂಥವೇ ಎಷ್ಟೋ ದಿಮ್ಮಿಗಳನ್ನು ನಾನು ಕಾಗದದ ಮೇಲೆ ಹಡಗು ಹತ್ತಿಸಿದ್ದೆ. ಅವಕ್ಕೊಂದು ಊರಿದೆ, ಆ ಊರಲ್ಲಿ ಬಿಸಿಲಿದೆ, ಚಹಾದಂಗಡಿಯಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ರಸ್ತೆ ಬದಿಯಲ್ಲಿ ನಿಂತು ನೆಂಟರನ್ನು ಕಂಡವಳಂತೆ ಹಲ್ಲು ಕಿರಿದೆ. ಲಾರಿಯವನು ನನಗೆ ಹುಚ್ಚೆಂದುಕೊಂಡಿರಬೇಕು.

ಮನೆ ಸಿಕ್ಕಿದ್ದು ಹುಸೇನಬಿಯ ಮಾಳಿಗೆಯ ಮೇಲೆ. ಮಾಳಿಗೆ ಎಂದರೆ ಇಲ್ಲಿ ಚಪ್ಪಟೆ ಚಾವಣಿ. ನಮ್ಮ ಹಾಗೆ ಹೆಂಚಿನ ಇಳಿಜಾರಲ್ಲ, ಮಳೆ ಬಂದರೆ ತಾನೇ ಜಾರಿಸಬೇಕಾದದ್ದು! ಅಲ್ಲೊಂದು ಕೋಣೆ. ಹುಸೇನಬಿಗೆ ಅರವತ್ತು ದಾಟಿದೆ. ಕೆಳಗೆ ಆಕೆಯದೂ ಒಂದು ಮಗ್ಗವಿದೆ. ಹನ್ನೆರಡು ನೇಕಾರ ಹೆಂಗಸರ ನಮ್ಮ ಗುಂಪಿಗೆ ಆಕೆಯೇ ಹಿರಿಯಳು. ಎಲ್ಲರೂ ಚಾಚಿ ಎನ್ನುತ್ತಾರೆ. ಚಾಚಿ ಎಂದರೆ ಚಿಕ್ಕಮ್ಮ. ಬಾಡಿಗೆಯ ಮಾತಿಗೂ ಮೊದಲು ಆಕೆ ಕೇಳಿದ್ದು, "ರೊಟ್ಟಿ ತಿಂತೀಯಿಲ್ಲೋ?" ತಿನ್ನುತ್ತೇನೆ ಎಂದೆ. ಕಟಿರೊಟ್ಟಿ ಕೊಟ್ಟಳು, ಒಣಗಿಸಿಟ್ಟ ಜೋಳದ ರೊಟ್ಟಿ. ಕಚ್ಚಿದೆ. ದವಡೆ ಹಿಡಿದುಕೊಂಡು ಕೂತೆ. "ಅಯ್ಯ ನಮ್ಮವ್ವ, ಪಲ್ಯಾ ಹಚಗೊಂಡು ತಿನ್ನವಾ. ಹಪ್ಪಳಾ ಮಾಡೀಯೇನ!" ಎಂದು ಚಾಚಿ ಗುರೆಳ್ಳು ಚಟ್ನಿ, ಮೊಸರು ಮುಂದಿಟ್ಟಳು. ಇವತ್ತು ನಾನು ಮೂರು ರೊಟ್ಟಿಯ ಗಿರಾಕಿ. ಆದರೂ ತಿಂಗಳಿಗೊಮ್ಮೆ ಬಂಗುಡೆ ಮೀನಿನ ನೆನಪು ಕಾಡುತ್ತದೆ. ಆಗ ಬಾಯಿ ಮುಚ್ಚಿಕೊಂಡು ಅಮೀನಗಡದ ಕರದಂಟು ಕಚ್ಚುತ್ತೇನೆ. ಬಂಗುಡೆಗೂ ಕರದಂಟಿಗೂ ಎಂತ ಸಂಬಂಧ ಎಂದು ಕೇಳಬೇಡಿ.

ಮಾತಿನದು ಬೇರೆಯೇ ಕತೆ. ನಾನು "ಎಂತ" ಎಂದರೆ ಸಾಕು, ಹನ್ನೆರಡು ಜನರೂ ಲಾಳಿ ಬಿಟ್ಟು ನಗುತ್ತಿದ್ದರು. ಸರಿ ಎಂದು ಪುಸ್ತಕದ ಕನ್ನಡಕ್ಕೆ ಇಳಿದೆ. ಆಗ ನಗು ನಿಂತು ಮರ್ಯಾದೆ ಶುರುವಾಯಿತು, ಅದು ಇನ್ನೂ ಕಷ್ಟ. "ಸುಮನಾ ಮೇಡಮ್ಮಾರ, ನೀವು ಮಾತಾಡಿದ್ರ ರೇಡಿಯೋ ಹಚ್ಚಿದಂಗಾಕ್ಕೈತ್ರಿ" ಎನ್ನುವಳು ಗೌರವ್ವ. ಮೇಡಮ್ಮಾರ ಹೋಗಿ ಅಕ್ಕಾರ ಆಗಲು ನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ಬಣ್ಣದ ನೂಲಿನ ಲಡಿ ತಪ್ಪಾಗಿ ತಂದಾಗ ಗೌರವ್ವ, "ಕಣ್ಣಾಗ ಏನ್ ಬಿದ್ದಿತ್ತಲೇ ನಿನಗ!" ಎಂದು ಬೈದಳು. ಆ ದಿನ ಕೋಣೆಗೆ ಹೋಗಿ ಅಮ್ಮನಿಗೆ ಫೋನು ಮಾಡಿ, ಇಲ್ಲಿ ನನಗೆ ಏಕವಚನ ಸಿಕ್ಕಿತು ಎಂದು ಹೇಳಿದೆ.

ಈಗ ಆರ್ಡರಿನ ಮಾತಿಗೆ ಬರುತ್ತೇನೆ. ಗೌರವ್ವನ ಮಗ ಮಲ್ಲೇಶಿ ಮೊಬೈಲ್ ರಿಪೇರಿ ಬಲ್ಲವನು. ಸೀರೆಗಳ ಫೋಟೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದು ಅವನೇ. ಕೆಂಪು ಸೆರಗಿನ ಮೇಲೆ ಬಿಳಿ ತೆನೆಯ ಸಾಲು ಹೊಳೆಯುವಂತೆ ಮಗ್ಗದ ಪಕ್ಕದ ಕಿಟಕಿಯ ಬೆಳಕಿನಲ್ಲಿ ಹಿಡಿದಿದ್ದ. ಅದನ್ನು ನೋಡಿ ಮಾರಿಷಸ್ಸಿನಿಂದ ಲತಾಬಾಯಿ ಎಂಬಾಕೆ ಬರೆದಳು. ಅಲ್ಲಿ ಆಕೆಯದೊಂದು ಬಟ್ಟೆಯಂಗಡಿ. ಆಕೆಯ ಹಿರಿಯರು ಬಹಳ ಹಿಂದೆ ಮರಾಠಿ ಸೀಮೆಯಿಂದ ಹಡಗು ಹತ್ತಿ ಆ ದ್ವೀಪಕ್ಕೆ ಹೋದವರು. ನಲವತ್ತು ಸೀರೆ ಬೇಕೆಂದಳು. ನಡುವೆ ಸಾಹುಕಾರರಿಲ್ಲದೆ, ನೇಯ್ದವರ ಹೆಸರಿನ ಚೀಟಿಯೊಂದಿಗೆ, ಗುಂಪಿನಿಂದ ನೇರ ಹೋಗುವ ಮೊದಲ ಆರ್ಡರು.

ಮಲ್ಲೇಶಿಗೆ ತಾಯಿಯ ಮಗ್ಗದ ಮೇಲೆ ದ್ವೇಷವಿರಲಿಲ್ಲ. ಆದರೆ ಅವನಿಗೆ ಅಂಗಡಿಗೆ ಜಾಗ ಬೇಕಿತ್ತು, ಬೀದಿಗೆ ಹತ್ತಿದ ಪಡಸಾಲೆಗಿಂತ ಒಳ್ಳೆಯ ಜಾಗ ಇರಲಿಲ್ಲ. ಗುಂಡಿ ಮುಚ್ಚಿ ಕಲ್ಲು ಹಾಸಲು ಒಂದು ಟ್ರ್ಯಾಕ್ಟರ್ ಗರಸು ತಂದು ಮನೆ ಮುಂದೆ ಸುರಿಸಿಬಿಟ್ಟಿದ್ದ. ಗರಸು ಎಂದರೆ ನೆಲ ತುಂಬುವ ಗಟ್ಟಿ ಮಣ್ಣು. ಗೌರವ್ವ ಅದನ್ನು ದಾಟಿಯೇ ನೀರಿಗೆ ಹೋಗಬೇಕು, ದಾಟಿಯೇ ಬರಬೇಕು. ತಾಯಿ ಮಗ ಸೇರಿ ಒಂದು ಮಾತು ಮಾಡಿಕೊಂಡಿದ್ದರು.

"ಈ ಸೀರಿ ಹೋಗಿ ಮುಟ್ಟಿ, ಆಕಿ ಮತ್ತ ಬೇಕಂದ್ರ ಮಗ್ಗ ಇರ್ತೈತಿ. ಇಲ್ಲಾಂದ್ರ ನಾನ ಮೊದಲನೇ ಬುಟ್ಟಿ ಗರಸು ಹಾಕ್ತೇನಿ" ಎಂದು ಗೌರವ್ವ ನನಗೂ ಹೇಳಿದಳು. ಹತ್ತನೇ ವಯಸ್ಸಿಗೆ ಕಾಲಿಳಿಸಿದ ಗುಂಡಿ ಅದು. ಆಕೆ ಆ ಮಾತನ್ನು ಲಾಳಿ ನಿಲ್ಲಿಸದೆ ಹೇಳಿದಳು.

ಮೂರು ತಿಂಗಳಲ್ಲಿ ನಲವತ್ತು ಸೀರೆ ಆದವು. ಒಂದೊಂದನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಮಡಿಸಿ, ಎರಡು ಪೆಟ್ಟಿಗೆಗೆ ತುಂಬಿ, ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಕ ಮಾಡಿಸಿದೆ. ಪೆಟ್ಟಿಗೆಗೆ ಟೇಪು ಹಚ್ಚಿರಿ ಎಂದು ಹೇಳಿ ಒಂದು ಸಹಿಗಾಗಿ ಬಾಗಲಕೋಟೆಗೆ ಹೋದೆ. ಮರುದಿನ ಪಾರ್ಸಲ್ಲಿನ ಕೌಂಟರಿನಲ್ಲಿ ತೂಗಿದರೆ ಪೆಟ್ಟಿಗೆಗಳು ಸುಮಾರು ಎರಡು ಕಿಲೋ ಹೆಚ್ಚು ತೂಗಿದವು. ಆರು ವರ್ಷ ಬಂದರಿನಲ್ಲಿ ಕೆಲಸ ಮಾಡಿದವಳು ಏನು ಮಾಡಬೇಕಿತ್ತು? ಬಿಚ್ಚಿ ನೋಡಬೇಕಿತ್ತು. ನಾನು ಕಿರಾಣಿಯವನ ತಕ್ಕಡಿಯನ್ನು ಮನಸಾರೆ ಬೈದು, ಕಾಗದದಲ್ಲಿ ತೂಕ ತಿದ್ದಿದೆ. ಕೆಳಗೊಂದು ಪ್ರಶ್ನೆಯಿತ್ತು, ಕಾಳು, ಬೀಜ, ಬೇರು ಏನಾದರೂ ಇದೆಯೇ ಎಂದು. ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದೆ.

ಹತ್ತು ದಿನಕ್ಕೆ ಲತಾಬಾಯಿಯ ಸಂದೇಶ ಬಂತು, ಜೊತೆಗೊಂದು ಫೋಟೋ. ಅಲ್ಲಿನ ಸುಂಕದ ಅಧಿಕಾರಿಗಳು ಬಿಳಿ ಮೇಜಿನ ಮೇಲೆ ನಮ್ಮ ಸೀರೆ ಬಿಚ್ಚಿ ಹರಡಿದ್ದಾರೆ. ಪಕ್ಕದಲ್ಲಿ ಪುಟ್ಟ ಬಟ್ಟೆಯ ಗಂಟು, ಅದರಿಂದ ಚೆಲ್ಲಿದ ಅಕ್ಕಿ, ಒಂದು ಅರಿಸಿನದ ಕೊಂಬು, ಒಂದು ಅಡಿಕೆ, ಒಂದು ಉತ್ತತ್ತಿ. ನಲವತ್ತು ಸೀರೆಯಲ್ಲೂ ಇಂಥ ಗಂಟು. ಹೊರದೇಶದ ಹುಳುಹುಪ್ಪಟೆ ತಮ್ಮ ಹೊಲಗದ್ದೆಗೆ ಬರಬಾರದೆಂದು ಅಲ್ಲಿ ಬಲು ಕಟ್ಟುನಿಟ್ಟು. ಒಂದು ಗಂಟಿನಲ್ಲಿ ಜೀವಂತ ನುಸಿ ಬೇರೆ ಓಡಾಡುತ್ತಿತ್ತಂತೆ. ವಾರದೊಳಗೆ ಸರಿಯಾದ ವಿವರಣೆ ಬರದಿದ್ದರೆ ಪೆಟ್ಟಿಗೆಗಳನ್ನು ಇದ್ದಂತೆಯೇ ಸುಟ್ಟುಬಿಡುತ್ತಾರೆ ಎಂದು ಬರೆದಿದ್ದಳು.

ನಾನು ಮೆಟ್ಟಿಲು ಇಳಿಯಲಿಲ್ಲ, ಉರುಳಿದೆ. ಎಲ್ಲರೂ ಚಾಚಿಯ ಪಡಸಾಲೆಯಲ್ಲಿ ಸೇರಿದರು.

"ಅಕ್ಕಿ ಇಟ್ಟವರು ಯಾರು?" ಎಂದು ಕಿರುಚಿದೆ.

"ಎಲ್ಲಾರೂ ಕೂಡೇ ಇಟ್ಟೇವಿ" ಎಂದಳು ಗೌರವ್ವ, ನನಗೇನಾಗಿದೆ ಎಂದು ನೋಡುತ್ತ.

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

"ಕೇಳೂದೇನೈತಿ ಅದರಾಗ? ಹೆಣ್ಮಗಳಿಗೆ ಸೀರಿ ಕಳಸೂ ಮುಂದ ಬರೇ ಸೀರಿ ಕಳಸ್ತಾರೇನು? ಉಡಿ ಬ್ಯಾಡಾ? ಎಲಿ ಬಾಡ್ತಾವಂತ ಎಲಿ ಅಷ್ಟ ಬಿಟ್ವಿ."

ವೀಳ್ಯದೆಲೆ ಬಿಟ್ಟಿದ್ದನ್ನು ಎಂಥ ಜಾಣತನವೆಂಬಂತೆ ಹೇಳಿದಳು ನೋಡಿ, ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಮಡಿಲು ತುಂಬುವುದು ಎನ್ನುತ್ತೇವಲ್ಲ, ಅದೇ ಇಲ್ಲಿ ಉಡಿ. ತವರಿಂದ ಹೊರಟವಳಿಗೆ, ಸೀರೆ ಪಡೆದವಳಿಗೆ ಸೆರಗಿನಲ್ಲಿ ಅಕ್ಕಿ, ಅಡಿಕೆ, ಅರಿಸಿನ ಹಾಕದೆ ಕಳಿಸುವಂತಿಲ್ಲ. ಜೋಳ ಉಣ್ಣುವ ಈ ಮನೆಗಳಲ್ಲಿ ಅಕ್ಕಿ ಹಬ್ಬದ ಕಾಳು. ಒಬ್ಬೊಬ್ಬರೂ ತಮ್ಮ ಡಬ್ಬಿಯಿಂದ ಹಿಡಿ ಹಿಡಿ ತಂದಿದ್ದರು. ನುಸಿಯ ಮಾತೆತ್ತಿದಾಗ ಮಾತ್ರ ಎಲ್ಲರೂ ತಮ್ಮ ಮನೆಯ ಅಕ್ಕಿ ಬೆಳ್ಳಗೆ ಸ್ವಚ್ಛವಿದೆಯೆಂದು ಹಟ ಹಿಡಿದರು. ಪಾಪದ ಆ ಒಂದು ನುಸಿಯನ್ನು ತನ್ನದೆನ್ನುವವರು ಯಾರೂ ಇರಲಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬಂದರಿನಲ್ಲಿ ಕಲಿತ ವಿದ್ಯೆ ನೆನಪಾಯಿತು. "ಪೆಟ್ಟಿಗೆ ಕಟ್ಟಿದ ಕೋಣೆಯಲ್ಲಿ ದಿನಸಿಯೂ ಇತ್ತು, ಗೊತ್ತಿಲ್ಲದೆ ಸೇರಿಹೋಗಿದೆ ಎಂದು ಬರೆಯುತ್ತೇನೆ. ಯಾರೂ ಮತ್ತೆ ಕೇಳುವುದಿಲ್ಲ" ಎಂದೆ.

ಗೌರವ್ವನ ಮುಖ ಗಂಟಿಕ್ಕಿತು. "ನಲವತ್ತು ಗಂಟು ತಾವ ಕಟಗೊಂಡು, ತಾವ ನಡದು ಹೋಗಿ ಸೀರಿಯಾಗ ಕುಂತ್ವೇನು? ಸುಳ್ಳ ಬರೀಬ್ಯಾಡ. ತಿಳದ ಇಟ್ಟೇವಿ. ಯಾಕ ಇಟ್ಟೇವಿ ಅಂತ ಬರಿ."

"ಹಾಗೆ ಬರೆದರೆ ಸುಟ್ಟರೂ ಸುಟ್ಟಾರು ಗೌರವ್ವ. ನಿನ್ನ ಮಗ್ಗ?"

"ಮಗ್ಗ ನಂದು. ಹೋದ್ರ ನಂದು ಹೋಗ್ತೈತಿ. ಉಡಿ ಇಟ್ಟು, ಇಟ್ಟಿಲ್ಲ ಅಂದ್ರ ಆಕಿ ಮಾರಿ ನಾ ಹೆಂಗ ನೋಡ್ಲಿ?"

ಎಂದೂ ಕಾಣದ ಹೆಂಗಸಿನ ಮುಖದ ಮಾತು ಅದು. ಚಾಚಿ ತಲೆಯಾಡಿಸಿದಳು. ನಾನು ಲ್ಯಾಪ್‌ಟಾಪ್ ತೆರೆದು ಗೌರವ್ವ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದೆ. ಇದು ನಮ್ಮ ಪದ್ಧತಿ, ಹೆಣ್ಣುಮಗಳಿಗೆ ಬರಿಯ ಸೀರೆ ಕೊಡುವುದಿಲ್ಲ, ನಿಮ್ಮ ಕಾನೂನು ತಿಳಿಯದೆ ಇಟ್ಟೆವು, ಅಕ್ಕಿಯನ್ನು ಸುಡಿ, ಸೀರೆಯನ್ನು ಉಳಿಸಿ. ತೂಕ ಹೆಚ್ಚಾದದ್ದನ್ನು ಕಂಡೂ ನಾನು ಬಿಚ್ಚಿ ನೋಡಲಿಲ್ಲ ಎಂಬುದನ್ನೂ ಸೇರಿಸಿದೆ. ಅಂಥ ಕಾಗದ ನನ್ನ ಜನ್ಮದಲ್ಲಿ ಬರೆದಿರಲಿಲ್ಲ. ಅದನ್ನೇ ಕಳಿಸಿದೆ.

ಆಮೇಲಿನ ದಿನಗಳಲ್ಲಿ ಗೌರವ್ವ ಗುಂಡಿಗಿಳಿಯಲಿಲ್ಲ. ಹೊರಗೆ ಗರಸಿನ ಗುಡ್ಡೆಯ ಪಕ್ಕ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. ಮಲ್ಲೇಶಿಯೂ ಗರಸಿನ ಮಾತೆತ್ತಲಿಲ್ಲ, ತಾಯಿಯ ಫೋನಿಗೆ ದಿನವೂ ತಾನೇ ಚಾರ್ಜು ಹಾಕಿಡುತ್ತಿದ್ದ. ನಾನು ಗಳಿಗೆಗೊಮ್ಮೆ ನನ್ನ ಫೋನು ನೋಡುತ್ತಿದ್ದೆ. ಆರನೇ ದಿನ ಮಧ್ಯಾಹ್ನ ಲತಾಬಾಯಿಯ ವಿಡಿಯೋ ಕರೆ ಬಂತು. ಓಡಿ ಹೋಗಿ ಗೌರವ್ವನ ಮುಂದೆ ಹಿಡಿದೆ. ಲತಾಬಾಯಿ ಇಂಗ್ಲಿಷಿನಲ್ಲಿ ಶುರುಮಾಡಿ, ಗೌರವ್ವನ ಹಣೆಯ ಕುಂಕುಮ ಕಂಡಿದ್ದೇ ಮರಾಠಿಗೆ ಹೊರಳಿದಳು. ಹಳೆಯ, ತಮ್ಮ ದ್ವೀಪದ ಮಾತು ಬೆರೆತ ಮರಾಠಿ. ಗೌರವ್ವ ಸೊಲ್ಲಾಪುರದ ವ್ಯಾಪಾರಿಗಳಿಂದ ಕಲಿತ ತನ್ನ ಹರಕುಮುರುಕು ಮರಾಠಿಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಮಾತಾಡಿದರು, ಇಬ್ಬರೂ ಅತ್ತರು, ಇಬ್ಬರೂ ನಕ್ಕರು. ಇಂಗ್ಲಿಷು ಬಲ್ಲ, ರಫ್ತು ಬಲ್ಲ ನಾನು ಫೋನು ಹಿಡಿದು ಕಂಬದಂತೆ ನಿಂತಿದ್ದೆ.

"ಏನಂತೆ? ಏನಂತೆ ಹೇಳೇ ಮಾರಾಯ್ತಿ!"

"ತಡೀಲೇ. ಸೀರಿ ಕೈಗೆ ಸಿಕ್ಕಾವಂತ."

ಅಧಿಕಾರಿ ಕಾಗದ ಓದಿ, ಲತಾಬಾಯಿಯನ್ನು ಕರೆಸಿ, ಇದು ಹೌದೇ ಎಂದು ಕೇಳಿದನಂತೆ. ಹೌದು ಎಂದಳಂತೆ ಆಕೆ. ಆಕೆಯ ಅಜ್ಜಿ ಯಾರಿಗೆ ಹೊಸ ಬಟ್ಟೆ ಕೊಟ್ಟರೂ ಮಡಿಕೆಯಲ್ಲಿ ಹಿಡಿ ಅಕ್ಕಿ ಇಡುತ್ತಿದ್ದಳಂತೆ. ಅಜ್ಜಿ ಅದಕ್ಕೆ ಓಟಿ ಎನ್ನುತ್ತಿದ್ದಳು, ಮರಾಠಿಯಲ್ಲಿ ಉಡಿಗೆ ಅದೇ ಹೆಸರು. ಮನೆಯಲ್ಲಿ ಹುಡುಗರು ನಗುತ್ತಿದ್ದರು, ಅಜ್ಜಿ ಹೋದ ಮೇಲೆ ಅದೂ ಹೋಯಿತು. ಮೇಜಿನ ಮೇಲೆ ಚೆಲ್ಲಿದ ಅಕ್ಕಿ ಕಂಡಾಗ ಲತಾಬಾಯಿಗೆ ಅಲ್ಲೇ ಅಳು ಬಂತಂತೆ. ಗಂಟುಗಳನ್ನು ಸುಟ್ಟರು, ಸೀರೆಗಳಿಗೆ ಔಷಧದ ಹೊಗೆ ಹಾಕಿ ಬಿಟ್ಟುಕೊಟ್ಟರು. ಮುಂದಿನ ಹಬ್ಬಕ್ಕೆ ಇನ್ನೂ ಅರವತ್ತು ಬೇಕು ಎಂದು ಹೇಳಲು ಆಕೆ ಕರೆ ಮಾಡಿದ್ದಳು. ಗೌರವ್ವ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋಗಿ ಗುಂಡಿಗೆ ಕಾಲಿಳಿಸಿದಳು.

ಮಲ್ಲೇಶಿ ಆ ಗರಸನ್ನು ಮಳೆನೀರು ನಿಲ್ಲುತ್ತಿದ್ದ ಅಂಗಳಕ್ಕೆ ಹರಡಿದ. ಅಂಗಡಿಯನ್ನು ಅಲ್ಲೇ ಒಂದು ತಗಡಿನ ಚಪ್ಪರ ಹಾಕಿ ತೆರೆದಿದ್ದಾನೆ. ಅರವತ್ತು ಸೀರೆ ಕಳಿಸುವ ದಿನ ಪೆಟ್ಟಿಗೆಗಳ ಮುಂದೆ ನಾನು ಕಾವಲು ಕೂತೆ, ಎದ್ದು ಹೋಗಲಿಲ್ಲ. ಆದರೂ ಉಡಿ ಇಡದೆ ಕಳಿಸಲು ಹನ್ನೆರಡು ಜನರಿಗೂ ಮನಸ್ಸಿಲ್ಲ. ಕೊನೆಗೆ ಮಲ್ಲೇಶಿ ಫೋನು ಹಚ್ಚಿದ. ಅಲ್ಲಿ ಲತಾಬಾಯಿ ನಮ್ಮ ಸೀರೆ ಉಟ್ಟು ಸೆರಗೊಡ್ಡಿ ಕೂತಳು. ಇಲ್ಲಿ ಗೌರವ್ವ ಒಂದು ಸೀರೆಯ ಮೇಲೆ ಐದು ಹಿಡಿ ಅಕ್ಕಿ ಸುರಿದಳು. ಅಲ್ಲಿ ಲತಾಬಾಯಿಯ ಮಗಳು ತಮ್ಮೂರ ಅಂಗಡಿಯ ಅಕ್ಕಿಯನ್ನು ತಾಯಿಯ ಸೆರಗಿಗೆ ಹಾಕಿದಳು. ಆಮೇಲೆ ನಾನು ಸೀರೆಯನ್ನು ಮೂರು ಸಲ ಕೊಡವಿ, ಭೂತಗನ್ನಡಿ ಹಿಡಿದು ನೋಡಿ, ಪೆಟ್ಟಿಗೆಗೆ ಹಾಕಿದೆ. ಆ ಅಕ್ಕಿಯಲ್ಲಿ ಚಾಚಿ ಮಧ್ಯಾಹ್ನಕ್ಕೆ ಪಲಾವು ಮಾಡಿದಳು.

ಹೀಗೆ ಎರಡು ವರ್ಷ ಕಳೆಯಿತು. ಹೋದ ತಿಂಗಳು ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೊರಟೆ. ಹೊರಡುವ ಬೆಳಿಗ್ಗೆ ಗೌರವ್ವ, ಚಾಚಿ ಇಬ್ಬರೂ ಬಂದು ನನಗೊಂದು ಇಳಕಲ್ಲ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಏನು ನಡೆಯುತ್ತಿದೆಯೆಂದು ತಿಳಿದು ನಾನು ಎದ್ದುನಿಂತೆ. ನಿಮಗೆ ಹೇಳಬೇಕು, ಮದುವೆ ಮುರಿದ ವರ್ಷ ಅಣ್ಣನ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ, ಇತ್ತು. ಮಡಿಲು ತುಂಬಲು ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ನಾನೂ ಕೂತಿದ್ದೆ. ಅಕ್ಕಿಯ ಹರಿವಾಣ ನನ್ನನ್ನು ದಾಟಿ ಪಕ್ಕದವಳ ಮುಂದೆ ನಿಂತಿತು. ಹರಿವಾಣ ಹಿಡಿದಿದ್ದವಳು ಅಮ್ಮ.

"ನನಗೆ ಬೇಡ. ಗಂಡನಿಲ್ಲದವಳಿಗೆ ತುಂಬುವುದಿಲ್ಲ" ಎಂದೆ.

ಚಾಚಿ ನನ್ನ ಭುಜ ಒತ್ತಿ ಕೂರಿಸಿದಳು. "ಉಡಿ ನಿಂದೈತಿ, ಗಂಡಂದೇನು? ಸುಮ್ಮ ಸೆರಗ ಹಿಡಿ."

ಹಿಡಿದೆ. ಅಕ್ಕಿ ಬಿತ್ತು, ಅರಿಸಿನ, ಅಡಿಕೆ, ಉತ್ತತ್ತಿ ಬಿದ್ದವು. ಈ ಸಲ ಎಲೆಯೂ ಇತ್ತು. ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಗೌರವ್ವ ಹೇಳಿದಳು, "ಅದರಾಗಿಂದು ಒಂದ ಹಿಡಿ ತಿರುಗಿ ನಮ್ಮ ಡಬ್ಬಿಗೆ ಹಾಕಿ ಹೋಗು. ಮಗಳು ಹೋದ ಮನಿ ಬರಿದಾಗಬಾರ್ದು." ಹಾಕಿದೆ.

ಗಂಗೊಳ್ಳಿಯಲ್ಲಿ ಮಳೆ ಹೊಯ್ಯುತ್ತಿತ್ತು. ಮೀನಿನ ವಾಸನೆಗೆ ಎದೆ ಅರಳಿತು, ಎರಡೇ ದಿನಕ್ಕೆ ಬಟ್ಟೆಯೆಲ್ಲ ಮುಗ್ಗಲು ಹಿಡಿದು ಇಳಕಲ್ಲಿನ ಬಿಸಿಲು ಬೇಕೆನಿಸಿತು. ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಅಮ್ಮ ನನ್ನ ಚೀಲದಲ್ಲಿದ್ದ ಗಂಟು ಕಂಡು ಬಿಚ್ಚಿದಳು. ಅಕ್ಕಿ, ಅರಿಸಿನ, ಬಾಡಿದ ಎಲೆ.

"ಇದ್ ಯಾರ್ ತುಂಬ್ದದ್ದ್?"

"ತವರಿನವರು" ಎಂದೆ.

ಹೇಳಿಬಿಟ್ಟಿದ್ದೆ. ಯಾರ ಮುಂದೆ ಹೇಳಿದೆ ಎಂದು ಆಮೇಲೆ ಹೊಳೆಯಿತು. ಅಮ್ಮ ಆ ಅಕ್ಕಿಯನ್ನು ಆರಿಸಿ, ತೊಳೆದು, ಒಲೆಗಿಟ್ಟಳು. ಇಬ್ಬರೂ ಬಂಗುಡೆ ಸಾರಿನೊಂದಿಗೆ ಉಂಡೆವು.

ನಾನು ಮತ್ತೆ ಹೊರಡುವ ದಿನ ಅಮ್ಮ ಒಳಗಿನಿಂದ ಹರಿವಾಣ ತಂದಳು. ಅದರಲ್ಲಿ ನಮ್ಮ ಕೆಂಪು ಕುಚ್ಚಲಕ್ಕಿ, ಒಂದು ತೆಂಗಿನಕಾಯಿ. ಹೊಸ ಕಣ್ಣಿನಿಂದ ನನ್ನನ್ನು ನೋಡಲಾರದೆ ಅಕ್ಕಿಯನ್ನೇ ನೋಡುತ್ತಿದ್ದಳು.

"ಸೆರಗ್ ಒಡ್ಡ್" ಎಂದಳು.

ಇಳಕಲ್ಲಿನ ಸೆರಗನ್ನು ಒಡ್ಡಿದೆ. ಐದು ಹಿಡಿ ಹಾಕಿದಳು, ಸ್ವಲ್ಪ ನೆಲಕ್ಕೆ ಚೆಲ್ಲಿತು. ನಾನು ಸೆರಗಿನಿಂದ ಒಂದು ಹಿಡಿ ತೆಗೆದು, ಅಡುಗೆಮನೆಗೆ ಹೋಗಿ, ಅಮ್ಮನ ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ.